ದೀಪ ಆರಿಸುವ ಆಟ: ಮಿತಿ ಎಷ್ಟಿರಬೇಕು?

ಐದು ಸಾಲು, ಐದು ಕಂಬಗಳಲ್ಲಿ 25 ದೀಪಗಳು. ಒಂದನ್ನು ಒತ್ತಿದರೆ ಅದೂ ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ದೀಪಗಳೂ ಸ್ಥಿತಿ ಬದಲಿಸುತ್ತವೆ. ಉರಿಯುತ್ತಿದ್ದುದು ಆರುತ್ತದೆ, ಆರಿದ್ದುದು ಉರಿಯುತ್ತದೆ. ಎಲ್ಲವನ್ನೂ ಆರಿಸಿದರೆ ಗೆಲುವು. 'ಲೈಟ್ಸ್ ಔಟ್' ಎಂಬ ಈ ಆಟವನ್ನು ಟೈಗರ್ ಎಲೆಕ್ಟ್ರಾನಿಕ್ಸ್ ಕಂಪನಿ 1995ರಲ್ಲಿ ಕೈಯಲ್ಲಿ ಹಿಡಿಯುವ ಆಟಿಕೆಯಾಗಿ ಹೊರತಂದಿತು. ಈಗ ಅದು ಹಳೆಯ ಕಾಲದ ಆಟದ ವೇಷದಲ್ಲೇ ಮೊಬೈಲಿಗೂ ಬಂದಿದೆ. ಹಲವು ಆವೃತ್ತಿಗಳಲ್ಲಿ ನಡೆಗಳಿಗೆ ಮಿತಿಯಿದೆ. ಈ ಮಿತಿ ಬೇಕೆ?

ಆಡಿ ನೋಡಿಯೇ ಹೇಳಬೇಕು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಓದುಗರು ಅದಕ್ಕಾಗಿ ಮೊಬೈಲ್ ಹುಡುಕಬೇಕಿಲ್ಲ. ಚೌಕಾಬಾರಕ್ಕೆಂದು ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳು ಸಾಕು. (ಸವಣೂರಿನ ಹೆಸರಾಂತ 'ದೊಡ್ಡ ಹುಣಸೆ' ಮರದ ಬೀಜ ಬೇಡ, ಅದು ಹುಣಸೆಯೇ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್!) ಬಿಳಿ ಬದಿ ಮೇಲಿದ್ದರೆ ದೀಪ ಉರಿಯುತ್ತಿದೆ ಎಂದುಕೊಳ್ಳಿ. ಮೊದಲು ಮೂರು ಸಾಲಿನಲ್ಲಿ 9 ಬೀಜಗಳನ್ನು ಬಿಳಿ ಮೇಲಾಗಿ ಇಡಿ. ನಾಲ್ಕು ಮೂಲೆಗಳನ್ನು ಒಂದೊಂದು ಸಲ 'ಒತ್ತಿ'. ಮೂಲೆಗಳು ಕಪ್ಪಾದವು. ಎರಡು ಮೂಲೆಗಳ ನಡುವಿನ ಬೀಜಗಳು ಎರಡೆರಡು ಸಲ ಮಗುಚಿ ಮತ್ತೆ ಬಿಳಿಯಾದವು. ಈಗ ನಟ್ಟನಡುವಿನದನ್ನು ಒತ್ತಿ. ಐದೇ ನಡೆ, ಎಲ್ಲ ಕಪ್ಪು.

ಚೌಕಾಬಾರದಲ್ಲಿ ಅದೃಷ್ಟವಿದೆ, ಇಲ್ಲಿಲ್ಲ. ಒಂದೇ ಮನೆಯನ್ನು ಎರಡು ಸಲ ಒತ್ತಿದರೆ ಒತ್ತದಿದ್ದಂತೆಯೇ. ಯಾವುದನ್ನು ಮೊದಲು ಒತ್ತಿದಿರಿ ಎಂಬುದೂ ಮುಖ್ಯವಲ್ಲ. ಹೀಗಾಗಿ ಪ್ರತಿ ಮನೆಗೂ ಒಂದೇ ಪ್ರಶ್ನೆ: ಒತ್ತಬೇಕೋ, ಬೇಡವೋ? ಇಷ್ಟು ಸರಳ ನಿಯಮದಿಂದ ಇಂಥ ಗಣಿತ ಹುಟ್ಟುವುದು ಈ ಆಟದ ದೊಡ್ಡ ಗುಣ.

ದೋಷವೂ ಇದೆ. ಮೇಲಿನ ಸಾಲಿನಲ್ಲಿ ಉರಿಯುವ ಪ್ರತಿ ದೀಪದ ನೇರ ಕೆಳಗಿನದನ್ನು ಒತ್ತುತ್ತ ಸಾಲು ಸಾಲಾಗಿ ಇಳಿಯುವ ಯಾಂತ್ರಿಕ ಕ್ರಮವೊಂದಿದೆ. ಕೊನೆಯ ಸಾಲಿನಲ್ಲಿ ಉಳಿದ ದೀಪಗಳನ್ನು ನೋಡಿಕೊಂಡು, ಮೇಲಿನ ಸಾಲಿನಲ್ಲಿ ತಕ್ಕ ಬದಲಾವಣೆ ಮಾಡಿ, ಇನ್ನೊಮ್ಮೆ ಇಳಿದರೆ ಆಟ ಮುಗಿಯಿತು. ಇದನ್ನು ಕಲಿತವರಿಗೆ ತಲೆ ಓಡಿಸುವ ಕೆಲಸವೇ ಉಳಿಯುವುದಿಲ್ಲ. ಇಲ್ಲಿ ಮಿತಿಯೇ ಆಟವನ್ನು ಉಳಿಸುತ್ತದೆ. 25 ದೀಪಗಳ ಯಾವ ಬಿಡಿಸಬಲ್ಲ ಸಮಸ್ಯೆಗೂ 15ಕ್ಕಿಂತ ಹೆಚ್ಚು ನಡೆ ಬೇಕಿಲ್ಲ ಎಂದು ಲೆಕ್ಕ ಹಾಕಲಾಗಿದೆ. ಯಾಂತ್ರಿಕ ಕ್ರಮ ಸಾಮಾನ್ಯವಾಗಿ ಇದನ್ನು ಮೀರುತ್ತದೆ. ಪ್ರತಿ ಸಮಸ್ಯೆಗೂ ನಾಲ್ಕು ಉತ್ತರಗಳಿರುತ್ತವೆ. ಅವುಗಳಲ್ಲಿ ಚಿಕ್ಕದನ್ನು ಹುಡುಕಲು ಮಿತಿ ಒತ್ತಾಯಿಸುತ್ತದೆ.

'ಬಿಡಿಸಬಲ್ಲ' ಎಂಬ ಮಾತನ್ನು ಗಮನಿಸಿ. 25 ದೀಪಗಳನ್ನು 3,35,54,432 ರೀತಿಗಳಲ್ಲಿ ಇಡಬಹುದು. ಅವುಗಳಲ್ಲಿ ಬಿಡಿಸಲಾಗುವುದು 83,88,608, ಅಂದರೆ ಕಾಲು ಭಾಗ ಮಾತ್ರ. ದೀಪಗಳನ್ನು ಮನಬಂದಂತೆ ಬೆಳಗಿಸಿ ಕೊಡುವ ಆವೃತ್ತಿ ನಾಲ್ಕರಲ್ಲಿ ಮೂರು ಸಲ ಮೋಸ ಮಾಡಿದಂತೆಯೇ. ಆಡುವ ಮಗು ಮಾತ್ರ ತನಗೇ ಬುದ್ಧಿ ಸಾಲದು ಎಂದುಕೊಳ್ಳುತ್ತದೆ. ಎಲ್ಲ ದೀಪ ಆರಿದ ಸ್ಥಿತಿಯಿಂದ ಹಿಂದಕ್ಕೆ ಒತ್ತುತ್ತ ಬಂದು ಸಮಸ್ಯೆ ಕಟ್ಟಿದರೆ ಈ ತೊಂದರೆಯೇ ಇಲ್ಲ. ತಯಾರಕರಿಗೆ ಅದೇನೂ ಕಷ್ಟದ ಕೆಲಸವಲ್ಲ.

2012ರಲ್ಲಿ ಬಂದ 'ಕ್ಯಾಂಡಿ ಕ್ರಷ್ ಸಾಗಾ'ದಲ್ಲೂ ನಡೆಗಳಿಗೆ ಮಿತಿಯಿದೆ. ಆದರೆ ಅಲ್ಲಿ ಮುಂದೆ ಯಾವ ಮಿಠಾಯಿ ಬೀಳುತ್ತದೋ ನಿಮಗೆ ತಿಳಿಯದು. ನಡೆಗಳು ಮುಗಿದಾಗ ಇನ್ನೈದನ್ನು ಮಾರಾಟಕ್ಕಿಡುತ್ತಾರೆ. ಅದು ಅಂಗಡಿಯವರ ಮಿತಿ. 15 ಎಂಬುದು ಗಣಿತದ್ದು.

ಈಗ 16 ಬೀಜಗಳನ್ನು ನಾಲ್ಕು ಸಾಲುಗಳಲ್ಲಿ ಬಿಳಿ ಮೇಲಾಗಿ ಇಡಿ. ಮಿತಿ ನಾಲ್ಕೇ ನಡೆ. ಮೂಲೆಗಳನ್ನು ಮುಟ್ಟಬೇಡಿ.