ಕ್ರೈಸ್ತರ ಮುಕ್ತಿವಿಚಾರ ಮತ್ತು ಯೆಹೂದ್ಯರು: ಒಂದು ವಿಮರ್ಶೆ



ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರವೆಂಬ ಊರಿದೆ. ವಿಜಯನಗರದ ಕಾಲದ ಮುಸಲ್ಮಾನ ಗೋರಿಗಳು ಅಲ್ಲಿ ಇಂದಿಗೂ ನಿಂತಿವೆ. ಪರಮತದವರಿಗೆ ಆ ಮಹಾನಗರದಲ್ಲಿ ಬಾಳಲು ಮಾತ್ರವಲ್ಲ, ತಮ್ಮ ವಿಧಿಯಂತೆ ಮಣ್ಣಾಗಲೂ ಅವಕಾಶವಿತ್ತೆಂಬುದಕ್ಕೆ ಅವು ಸಾಕ್ಷಿ. ಸುಮಾರು 1516ರ ವೇಳೆಗೆ ತನ್ನ ವೃತ್ತಾಂತವನ್ನು ಬರೆದ ಪೋರ್ಚುಗೀಸರ ಡುವಾರ್ಟೆ ಬಾರ್ಬೋಸನು, ಈ ರಾಜ್ಯದಲ್ಲಿ ಯಾರಾದರೂ ಬಂದು ತಮ್ಮ ಮತದಂತೆ ಬಾಳಬಹುದು, ಕ್ರೈಸ್ತನೋ ಯೆಹೂದ್ಯನೋ ಮುಸಲ್ಮಾನನೋ ಎಂದು ವಿಚಾರಿಸುವವರಿಲ್ಲ ಎಂಬರ್ಥದ ಮಾತನ್ನು ಹೇಳಿದ್ದಾನೆ. ನಮ್ಮವರು ಇದನ್ನು ಹೆಮ್ಮೆಯಿಂದ ಎತ್ತಿ ಹೇಳುವುದುಂಟು. ಆದರೆ ಆ ಪಟ್ಟಿಯಲ್ಲಿ ಯೆಹೂದ್ಯನ ಹೆಸರು ಬಂದುದರ ಮಹತ್ವವನ್ನು ಗಮನಿಸಿದವರು ವಿರಳ.

ಬಾರ್ಬೋಸನ ತಾಯ್ನಾಡಿನ ಅರಸನಾದ ಮೊದಲನೆಯ ಮನುವೆಲನು 1496ರ ಡಿಸೆಂಬರಿನಲ್ಲಿ ಯೆಹೂದ್ಯರೆಲ್ಲ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದನು. ಮರುವರ್ಷ ಅವರಲ್ಲಿ ಬಹುಮಂದಿಗೆ ಬಲಾತ್ಕಾರದಿಂದ ದೀಕ್ಷಾಸ್ನಾನ ಮಾಡಿಸಲಾಯಿತು. ಹಾಗೆ ಕ್ರೈಸ್ತರೆನಿಸಿದ ಮನೆತನದಲ್ಲಿ ಹುಟ್ಟಿದ ಗಾರ್ಸಿಯಾ ದ ಒರ್ಟಾ ಎಂಬ ವೈದ್ಯನು ಗೋವೆಯಲ್ಲಿ ನೆಲೆಸಿ, 1563ರಲ್ಲಿ ಭಾರತದ ಔಷಧದ್ರವ್ಯಗಳನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಗೋವೆಯಲ್ಲಿ 1560ರಲ್ಲಿಯೇ ಇನ್‌ಕ್ವಿಜಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ನೆಲೆಗೊಂಡಿತ್ತು. ಒರ್ಟಾ 1568ರಲ್ಲಿ ತೀರಿಕೊಂಡನು. ಮರುವರ್ಷ ಅವನ ಸೋದರಿಯನ್ನು, ಗುಟ್ಟಾಗಿ ಯೆಹೂದ್ಯಾಚಾರ ನಡೆಸಿದಳೆಂಬ ಆರೋಪದ ಮೇಲೆ ಸುಟ್ಟರು. 1580ರಲ್ಲಿ ಒರ್ಟಾನ ಎಲುಬುಗಳನ್ನೇ ಅಗೆದು ತೆಗೆದು ಬೆಂಕಿಗಿಟ್ಟರು. ಕಡ್ಡಿರಾಂಪುರದಲ್ಲಿ ಗೋರಿಗಳು ನಿಂತಿವೆ. ಗೋವೆಯಲ್ಲಿ ಸತ್ತವನಿಗೂ ನೆಮ್ಮದಿಯಿರಲಿಲ್ಲ.

ಇದು ಕೇವಲ ಅರಸರ ಕ್ರೌರ್ಯವೇ? ಅಷ್ಟೇ ಆಗಿದ್ದರೆ ಈ ಲೇಖನ ಅನಾವಶ್ಯಕ. ಇದರ ಹಿಂದೆ ಒಂದು ಸಿದ್ಧಾಂತವಿತ್ತು. ಚರ್ಚಿನ ಹೊರಗೆ ಮುಕ್ತಿಯಿಲ್ಲವೆಂಬ ಹಳೆಯ ಬೋಧೆಯನ್ನು 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ ಯೆಹೂದ್ಯರಿಗೂ ಹೆಸರು ಹಿಡಿದು ಅನ್ವಯಿಸಿತು. ಸಾಯುವ ಮುನ್ನ ಚರ್ಚನ್ನು ಸೇರದಿದ್ದರೆ ಅವರಿಗೆ ನಿತ್ಯಾಗ್ನಿಯೇ ಗತಿ ಎಂದಿತು. ಒಬ್ಬನು ನಿತ್ಯಾಗ್ನಿಗೆ ಬೀಳುವವನೆಂದು ನಿಶ್ಚಯಿಸಿದ ಮೇಲೆ, ಅವನ ಆತ್ಮದ ಹಿತಕ್ಕಾಗಿ ದೇಹವನ್ನು ಪೀಡಿಸುವುದು ದಯೆಯೆಂದೇ ತೋರತೊಡಗುತ್ತದೆ. ಅಪಾಯವಿರುವುದು ಇಲ್ಲಿಯೇ.

ವಿಚಿತ್ರವೆಂದರೆ, ಕ್ರೈಸ್ತರ ಪವಿತ್ರಗ್ರಂಥದಲ್ಲಿಯೇ ಇದಕ್ಕೆ ಮದ್ದಿತ್ತು. ಯೇಸು ಯೆಹೂದ್ಯ, ಅವನ ಮೊದಲ ಶಿಷ್ಯರು ಯೆಹೂದ್ಯರು, ರೋಮಿನವರಿಗೆ ಪತ್ರ ಬರೆದ ಪೌಲನೂ ಯೆಹೂದ್ಯನೇ. ಆ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಅವನು ಕಸಿಯ ದೃಷ್ಟಾಂತವೊಂದನ್ನು ಕೊಡುತ್ತಾನೆ. ನಮ್ಮ ತೋಟಗಾರರು ನಾಟಿ ಮಾವಿನ ಬುಡಕ್ಕೆ ಉತ್ತಮ ಜಾತಿಯ ಕಡ್ಡಿಯನ್ನು ಕಸಿ ಕಟ್ಟುತ್ತಾರೆ. ಪೌಲನು ತಿರುಗಿಸಿ ಹೇಳುತ್ತಾನೆ: ಊರ ಎಣ್ಣೆಮರಕ್ಕೆ ಕಾಡು ಕೊಂಬೆಯನ್ನು ಕಟ್ಟಲಾಗಿದೆ. ಮರ ಇಸ್ರಾಯೇಲು, ಕಾಡು ಕೊಂಬೆ ಹೊರಗಿನಿಂದ ಬಂದ ಕ್ರೈಸ್ತರು. ಬೇರನ್ನು ಹೊತ್ತಿರುವುದು ಕೊಂಬೆಯಲ್ಲ, ಕೊಂಬೆಯನ್ನು ಹೊತ್ತಿರುವುದು ಬೇರು. ಆದ್ದರಿಂದ ಜಂಬ ಬೇಡ. ದೇವರು ಕೊಟ್ಟ ವರವನ್ನು ಹಿಂದೆಗೆಯುವುದಿಲ್ಲ. ಇದು ಅವನ ತಾತ್ಪರ್ಯ. ಪತ್ರವನ್ನು ಶತಶತಮಾನ ಪಾರಾಯಣ ಮಾಡಿದವರು ಈ ಭಾಗದ ಅರ್ಥವನ್ನು ಕೈಬಿಟ್ಟರು.

ಎಚ್ಚರಿಸಲು ಮಹಾದುರಂತವೇ ಬೇಕಾಯಿತು. ಹಿಟ್ಲರನ ಆಳ್ವಿಕೆಯಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಕೊಲೆಯಾಯಿತು. ಹೆಂಡತಿಯನ್ನೂ ಮಗಳನ್ನೂ ಅದರಲ್ಲಿ ಕಳೆದುಕೊಂಡ ಫ್ರೆಂಚ್ ಇತಿಹಾಸಕಾರ ಜೂಲ್ಸ್ ಐಸಾಕ್ 1960ರ ಜೂನ್ 13ರಂದು ಪೋಪ್ ಇಪ್ಪತ್ತಮೂರನೆಯ ಜಾನರನ್ನು ಕಂಡು, ಯೆಹೂದ್ಯರನ್ನು ತುಚ್ಛೀಕರಿಸುವ ಬೋಧೆಯನ್ನು ತಿದ್ದಬೇಕೆಂದು ಬೇಡಿಕೊಂಡರು. 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಮಹಾಸಭೆಯು 88ಕ್ಕೆ ಎದುರಾಗಿ 2,221 ಮತಗಳಿಂದ 'ನೋಸ್ತ್ರಾ ಏತಾತೆ' ಎಂಬ ಘೋಷಣೆಯನ್ನು ಅಂಗೀಕರಿಸಿತು. ಯೇಸುವಿನ ಮರಣದ ದೋಷವನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಲಾಗದು, ದೇವರು ಅವರನ್ನು ತ್ಯಜಿಸಿದನೆನ್ನಲಾಗದು ಎಂದು ಅದು ಸಾರಿತು. 2015ರ ಡಿಸೆಂಬರಿನಲ್ಲಿ ವ್ಯಾಟಿಕನ್ನಿನ ಆಯೋಗವೊಂದು ಇನ್ನೂ ಮುಂದೆ ಹೋಗಿ, ಯೆಹೂದ್ಯರು ದೇವರ ಮುಕ್ತಿಯಲ್ಲಿ ಭಾಗಿಗಳೇ, ಅವರನ್ನು ಮತಾಂತರಿಸಲೆಂದೇ ಚರ್ಚು ಯಾವ ಸಂಸ್ಥೆಯನ್ನೂ ನಡೆಸುವುದಿಲ್ಲ ಎಂದಿತು. ಆದರೆ ಕ್ರಿಸ್ತನೇ ಸರ್ವರಿಗೂ ಏಕೈಕ ರಕ್ಷಕನೆಂಬುದನ್ನೂ ಬಿಡಲಿಲ್ಲ. ಎರಡೂ ಹೇಗೆ ಕೂಡುತ್ತವೆ? ಅದು ದೈವರಹಸ್ಯವೆಂದಿತು.

ತನ್ನದೇ ಹಳೆಯ ಬೋಧೆಯನ್ನು ಲೋಕದ ಮುಂದೆ ತಿದ್ದಿಕೊಳ್ಳುವ ಧೈರ್ಯವನ್ನು ನಾವು ಮನಃಪೂರ್ವಕವಾಗಿ ಮೆಚ್ಚಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕನ್ನಡ ಬೈಬಲ್ಲು 'ಅನ್ಯಜನರು' ಎಂದು ಕರೆಯುವ ಉಳಿದವರ ಗತಿಯೇನು? ಅದೇ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ ದೇವರನ್ನು ಪ್ರಾಮಾಣಿಕವಾಗಿ ಅರಸುವವರಿಗೂ ಮುಕ್ತಿ ಸಾಧ್ಯವೆಂದು 1964ರಲ್ಲಿ ಹೇಳಿದೆ. ಹಿಂದೂಧರ್ಮವೇ ಮೊದಲಾದವುಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ತಾನು ತಿರಸ್ಕರಿಸುವುದಿಲ್ಲವೆಂದು 1965ರಲ್ಲಿ ಹೇಳಿದೆ. ಇದು ದೊಡ್ಡ ಮಾತು. ಆದರೆ ಭೇದವನ್ನು ನೋಡಿ: ಯೆಹೂದ್ಯನ ಮುಕ್ತಿಗೆ ದೇವರು ಕೊಟ್ಟ ವಾಗ್ದಾನ ಆಧಾರ, ನಮ್ಮ ಮುಕ್ತಿಗೆ ನಮ್ಮ ಅಜ್ಞಾನವೇ ರಿಯಾಯಿತಿ! ದೇವರು ವರವನ್ನು ಹಿಂದೆಗೆಯನೆಂಬುದು ಅವನ ಸ್ವಭಾವವಾದರೆ, ಆ ಸ್ವಭಾವ ಒಂದೇ ವಂಶದ ಮಟ್ಟಿಗೆ ನಿಂತೀತೇ? ರಹಸ್ಯವೆಂದು ಒಪ್ಪಿದ ಮೇಲೆ ಅದರ ಎಲ್ಲೆಯನ್ನು ಗುರುತಿಸಲು ನಾವಾರು?

ಇಂಥ ಪ್ರಶ್ನೆಯನ್ನು ಕ್ರೈಸ್ತರ ಒಳಗಿನಿಂದಲೇ ಎತ್ತಿದವರಲ್ಲಿ ಕನ್ನಡನಾಡಿನವರೂ ಇದ್ದರು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬೋಧಿಸಿ, ಬಳಿಕ ಜಿನೀವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಸಂಸ್ಥೆಯ ಅನ್ಯಧರ್ಮೀಯರೊಡನೆ ಸಂವಾದದ ವಿಭಾಗಕ್ಕೆ 1971ರಲ್ಲಿ ಮೊದಲ ನಿರ್ದೇಶಕರಾದರು. ಕ್ರಿಸ್ತನಲ್ಲಿ ನಿಷ್ಠೆಯಿಡುವುದು ಬೇರೆ, ದೇವರು ಅಲ್ಲಿಗೇ ಮುಗಿದನೆನ್ನುವುದು ಬೇರೆ ಎಂಬುದು 2001ರಲ್ಲಿ ತೀರಿಕೊಂಡ ಆ ವಿದ್ವಾಂಸರ ಚಿಂತನೆಯ ಸಾರ.

ಕಡೆಯದಾಗಿ ನಮ್ಮ ಮಾತು. ವಿಜಯನಗರದ ಔದಾರ್ಯದಲ್ಲಿ ಧರ್ಮವಿದ್ದಂತೆ ಕುದುರೆ ವ್ಯಾಪಾರದ ಲಾಭವೂ ಇತ್ತು. ಅರಸನ ಸಹನೆ ಅರಸನೊಡನೆ ಹೋಗುತ್ತದೆ. ಸಿದ್ಧಾಂತದಲ್ಲಿ ಬೇರೂರಿದ ಸಹನೆ ಮಾತ್ರ ಉಳಿಯುತ್ತದೆ. ನಮ್ಮ ದೀಕ್ಷೆಯಿಲ್ಲದವನಿಗೆ ಮುಕ್ತಿಯಿಲ್ಲವೆಂಬ ಮಾತು ನಮ್ಮ ಜಗಲಿಗಳಲ್ಲಿಯೂ ಕೇಳದಿಲ್ಲ. ಅದನ್ನು ಆಡುವ ಮುನ್ನ ಒರ್ಟಾನ ಎಲುಬುಗಳನ್ನು ನೆನೆಯೋಣ.