ಎಳೆತದ ದೂರು

ಕನ್ನಡ ಧಾರಾವಾಹಿಗಳ ಮಾತು ಬಂದರೆ ನೋಡುವವರು, ನೋಡದವರು, ನೋಡಿಯೂ ‘ನಾನೆಲ್ಲಿ ನೋಡ್ತೀನಿ, ಮನೇಲಿ ಹಾಕಿರ್ತಾರೆ’ ಎನ್ನುವವರು, ಎಲ್ಲರೂ ಒಮ್ಮತಕ್ಕೆ ಬರುವ ವಿಷಯ ಒಂದೇ: ‘ಸಿಕ್ಕಾಪಟ್ಟೆ ಎಳೀತಾರೆ.’ ಪತ್ರಿಕೆಗಳ ಟಿವಿ ಅಂಕಣದಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ಈ ತೀರ್ಪಿಗೆ ಮೇಲ್ಮನವಿಯೇ ಇಲ್ಲ. ಮೂರು ತಿಂಗಳು ಬಿಟ್ಟು ನೋಡಿದರೂ ಕಥೆ ಅಲ್ಲೇ ಇರುತ್ತದೆ ಎಂಬ ಹಳೇ ತಮಾಷೆಯೂ ಬೆನ್ನಿಗೇ ಬರುತ್ತದೆ.

ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಸಂಜೆಯ ಧಾರಾವಾಹಿಗಳನ್ನು ಮುಚ್ಚುಮರೆಯಿಲ್ಲದೆ ನೋಡುವವಳು ನಾನು. ನಾನು ಕಂಡಂತೆ ಅವುಗಳಿಗೆ ಅಂಟಿರುವುದು ಅವಸರದ ಕಾಯಿಲೆ. ಬೇಕಿದ್ದರೆ ನಿಜಕ್ಕೂ ಮೂರು ತಿಂಗಳು ಬಿಟ್ಟು ನೋಡಿ. ಅಷ್ಟರಲ್ಲಿ ಒಂದು ಮದುವೆ ಮುರಿದಿರುತ್ತದೆ, ಇನ್ನೊಂದು ಬಲವಂತವಾಗಿ ನಡೆದಿರುತ್ತದೆ, ಯಾರನ್ನೋ ಎತ್ತಿಹಾಕಿಕೊಂಡು ಹೋಗಿರುತ್ತಾರೆ, ಹಾಲಿನ ಲೋಟಕ್ಕೆ ಯಾರೋ ಏನೋ ಬೆರೆಸಿರುತ್ತಾರೆ, ಸತ್ತವರೊಬ್ಬರು ಎದ್ದು ಬಂದಿರುತ್ತಾರೆ. ನಡೆದದ್ದು ಕಡಿಮೆಯೇನಲ್ಲ. ನಡೆದದ್ದು ಯಾರಿಗೂ ತಟ್ಟಿರುವುದಿಲ್ಲ. ಕಥೆ ಅಲ್ಲೇ ಇದೆ ಅನ್ನಿಸುವುದು ಅದಕ್ಕೆ.

‘ಪುಟ್ಟಗೌರಿ ಮದುವೆ’ಯನ್ನೇ ತೆಗೆದುಕೊಳ್ಳಿ. 2012ರಲ್ಲಿ ಶುರುವಾದ ಈ ಧಾರಾವಾಹಿ ಹಿಂದಿಯ ‘ಬಾಲಿಕಾ ವಧು’ವಿನ ರೀಮೇಕ್. ಆರಂಭದ ತಿಂಗಳುಗಳಲ್ಲಿ ಅದರಲ್ಲಿ ಹೆಚ್ಚೇನೂ ಆಗುತ್ತಿರಲಿಲ್ಲ: ಆಡುವ ವಯಸ್ಸಿನ ಹುಡುಗಿ ಗಂಡನ ಮನೆಯಲ್ಲಿ ಯಾರೆದುರು ಕೂರಬಹುದು, ಯಾರೆದುರು ಕೂರಬಾರದು ಎಂಬುದನ್ನು ಕಲಿಯುತ್ತಿದ್ದಳು, ಅಷ್ಟೆ. ಬಾಲ್ಯವಿವಾಹ ತಪ್ಪೆಂದು ಎರಡೂವರೆ ಗಂಟೆಯ ಸಿನಿಮಾ ಕೂಡ ಹೇಳಬಲ್ಲದು. ಆದರೆ ಮಗುವೊಂದು ದಿನಕ್ಕಿಷ್ಟಿಷ್ಟು ಎಂಬಂತೆ ಸೊಸೆಯಾಗುವುದನ್ನು ತೋರಿಸಲು ಧಾರಾವಾಹಿಯೇ ಬೇಕು, ಅದಕ್ಕೆ ಬೇಕಾದ ದಿನಗಳು ಅದರ ಬಳಿ ಮಾತ್ರ ಇರುತ್ತವೆ. 2018ರ ಹೊತ್ತಿಗೆ ಅದೇ ಗೌರಿ ಬೆಟ್ಟದಿಂದ ಬಿದ್ದು, ಕಾಡಿನಲ್ಲಿ ಬದುಕುಳಿದು, ಊರಿಗೆಲ್ಲ ಟ್ರೋಲ್ ವಸ್ತುವಾದಳು. ಅಷ್ಟು ಎತ್ತರದಿಂದ ಬಿದ್ದವಳು ಹೇಗೆ ಬದುಕಿದಳು ಎಂದು ಜನ ನಕ್ಕರು. ಬದುಕಲಿ ಬಿಡಿ, ಪುರಾಣ ಕೇಳಿ ಬೆಳೆದವರು ನಾವು, ಅಷ್ಟು ಸಡಿಲಿಕೆ ಕೊಡಬಹುದು. ನನಗೆ ಸಿಟ್ಟು ಬಂದದ್ದು ಕಥೆಗೆ ಬೆಟ್ಟ ಬೇಕಾಯಿತಲ್ಲ ಎಂದು. ಮೊದಲ ವರ್ಷ ಮನೆಯ ಹೊಸ್ತಿಲನ್ನೇ ಅಷ್ಟು ಎತ್ತರ ಮಾಡಿ ತೋರಿಸಿದ್ದವರಿಗೆ ಕೊನೆಕೊನೆಗೆ ಹೊಸ್ತಿಲು ಕಾಣಿಸುವುದೇ ನಿಂತುಹೋಯಿತು.

‘ಹಾಗಾದರೆ ಎಳೆದಂತೆ ಅನ್ನಿಸುವುದೆಲ್ಲ ನಮ್ಮ ಭ್ರಮೆಯೇ?’ ಎಂದು ಕೇಳಬಹುದು. ಭ್ರಮೆಯಲ್ಲ. ಆದರೆ ಅದು ಎಲ್ಲಿ ಆಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಅತ್ತೆ ಸೊಸೆಯ ಕೆನ್ನೆಗೆ ಹೊಡೆಯುವ ಸಂಚಿಕೆ ಎಂದುಕೊಳ್ಳಿ. ಯಾವ ವಾಹಿನಿಯದ್ದಾದರೂ ಆದೀತು. ಏಟು ಬಿದ್ದೊಡನೆ ಸಿಡಿಲಿನ ಸದ್ದು. ಸೊಸೆಯ ಮುಖ ಮೂರು ಸಲ, ಪ್ರತಿ ಸಲವೂ ಇನ್ನಷ್ಟು ಹತ್ತಿರದಿಂದ. ಆಮೇಲೆ ಗಂಡ, ಮಾವ, ನಾದಿನಿ, ತಟ್ಟೆ ಹಿಡಿದು ನಿಂತ ಕೆಲಸದವಳು, ಎಲ್ಲರ ಮುಖಕ್ಕೂ ಒಂದೊಂದು ಸುತ್ತು. ಕ್ಯಾಮೆರಾ ಮತ್ತೆ ಅತ್ತೆಗೆ ಬರುವಷ್ಟರಲ್ಲಿ ಜಾಹೀರಾತು. ಜಾಹೀರಾತು ಮುಗಿದ ಮೇಲೆ ಅದೇ ಏಟು ಮೊದಲಿನಿಂದ. ಇದನ್ನು ನಾವು ನಿಧಾನ ಎನ್ನುತ್ತೇವೆ. ನಿಧಾನವಾಗಿದ್ದರೆ ಈ ಮುಖಗಳಿಂದ ಒಂದಿಷ್ಟು ಹೊಸ ಸಂಗತಿ ತಿಳಿಯಬೇಕಿತ್ತು: ಗಂಡ ಒಳಗೊಳಗೇ ಹೆದರಿದನೇ, ನಾದಿನಿಗೆ ತನಗೂ ಹಿಂದೆ ಬಿದ್ದ ಏಟು ನೆನಪಾಯಿತೇ, ಕೆಲಸದವಳು ಆ ತಟ್ಟೆಯನ್ನು ಎಲ್ಲಿಟ್ಟಳು. ಒಂದೂ ತಿಳಿಯುವುದಿಲ್ಲ, ಎಲ್ಲರೂ ಒಂದೇ ಅಳತೆಯಲ್ಲಿ ಬೆಚ್ಚಿಬೀಳುತ್ತಾರೆ. ಮಾರನೆಯ ದಿನ ಅತ್ತೆ ಕಾಫಿ ಕೇಳುತ್ತಾಳೆ, ಸೊಸೆ ತಂದುಕೊಡುತ್ತಾಳೆ. ಮನೆಮಂದಿಯ ಎದುರು ಏಟು ತಿಂದವಳು ಮರುದಿನ ಅದೇ ಅಡುಗೆಮನೆಗೆ ಹೇಗೆ ಕಾಲಿಟ್ಟಳು? ಮಾಡಬೇಕಾದ ಸಂಚಿಕೆ ಅದು. ಅದನ್ನು ಮಾತ್ರ ಒಂದೇ ಕಟ್‌ನಲ್ಲಿ ದಾಟಿಬಿಡುತ್ತಾರೆ.

ಗುಟ್ಟಿನ ವಿಷಯದಲ್ಲೂ ಇದೇ ಕಥೆ. ‘ಅಗ್ನಿಸಾಕ್ಷಿ’ 2013ರಲ್ಲಿ ಶುರುವಾಗಿ 2020ರ ಆರಂಭದವರೆಗೆ ಬಂತು. ಅದರ ಖಳನಾಯಕಿ ಚಂದ್ರಿಕಾ ಎಂಥವಳೆಂಬುದು ನೋಡುವ ನಮಗೆಲ್ಲ ಗೊತ್ತು, ನಾಯಕ ಸಿದ್ಧಾರ್ಥನಿಗೆ ಗೊತ್ತಿಲ್ಲ. ಗುಟ್ಟನ್ನು ಅಷ್ಟು ವರ್ಷ ಎಳೆದರು ಎಂಬುದೇ ಎಲ್ಲರ ದೂರು. ಆದರೆ ಗುಟ್ಟನ್ನು ಬಹುಕಾಲ ಹಿಡಿದಿಡುವುದು ದೋಷವಾಗಿದ್ದರೆ ಮಹಾಭಾರತವನ್ನೇ ಮೊದಲು ಬದಿಗಿಡಬೇಕಾಗುತ್ತದೆ. ಕರ್ಣನ ಹುಟ್ಟು ಕೇಳುಗರಿಗೆಲ್ಲ ಮೊದಲಿನಿಂದ ಗೊತ್ತು, ಧರ್ಮರಾಯನಿಗೆ ಗೊತ್ತಾಗುವಾಗ ಅಣ್ಣ ಸತ್ತಾಗಿರುತ್ತದೆ. ಯಾರಾದರೂ ಎಳೆದರು ಅಂದರೇ? ಅಲ್ಲಿ ಗುಟ್ಟು ತಿಳಿದವರ್‍ಯಾರೂ ತಿಳಿಯುವ ಮೊದಲಿನಂತೆ ಉಳಿಯುವುದಿಲ್ಲ. ಕುಂತಿ ಹೇಳಲಾರದೆ ಬೇಯುತ್ತಾಳೆ, ಕೃಷ್ಣ ಅದನ್ನೇ ದಾಳವಾಗಿ ಉರುಳಿಸುತ್ತಾನೆ. ಕರ್ಣನಂತೂ ತಿಳಿದ ಮೇಲೂ ಪಕ್ಷ ಬಿಡಲಾರದೆ, ಹಿಂದಿನಂತೆ ಕಾದಲೂ ಆರದೆ ಉಳಿಯುತ್ತಾನೆ. ನಮ್ಮ ಧಾರಾವಾಹಿಯಲ್ಲಿ ಗುಟ್ಟು ಉಳಿಯುವುದು ಬಾಗಿಲ ಸಂದಿಯಲ್ಲಿ ನಿಂತವರಿಗೆ ಅರ್ಧ ಮಾತು ಮಾತ್ರ ಕೇಳಿಸುವುದರಿಂದ, ಹೇಳಹೊರಟವರ ಫೋನು ಸರಿಯಾಗಿ ಅದೇ ಹೊತ್ತಿಗೆ ಸ್ವಿಚ್ ಆಫ್ ಆಗುವುದರಿಂದ. ಗೊತ್ತಿದ್ದವರ ಊಟ ನಿದ್ದೆಗೆ ಏನೂ ಆಗುವುದಿಲ್ಲ. ಗುಟ್ಟು ಅವರ ಜೇಬಿನಲ್ಲಿರುತ್ತದೆ, ಹೊಟ್ಟೆಯಲ್ಲಿ ಇರುವುದಿಲ್ಲ.

ಇದಕ್ಕೆಲ್ಲ ಬರೆಯುವವರನ್ನು ಬೈದು ಪ್ರಯೋಜನವಿಲ್ಲ. ವಾರಕ್ಕೆ ಐದು ದಿನ ಎಂದರೂ ವರ್ಷಕ್ಕೆ 260 ಸಂಚಿಕೆ. ಈಗಂತೂ ಕೆಲವು ಧಾರಾವಾಹಿ ದಿನಕ್ಕೆ ಒಂದು ಗಂಟೆ. ಪ್ರತಿ ಗುರುವಾರ, ಎಷ್ಟು ಜನ ನೋಡಿದರೆಂದು ಅಳೆಯುವ ಬಾರ್ಕ್‌ನ ಟಿಆರ್‌ಪಿ ಬರುತ್ತದೆ. ಅಂಕ ಇಳಿದಿದ್ದರೆ ಮುಂದಿನ ವಾರಕ್ಕೊಂದು ‘ಹೈ ಪಾಯಿಂಟ್’ ಬೇಕು. ಪ್ರೋಮೋದಲ್ಲಿ ಹಾಕುವಂಥದ್ದು ಬೇಕು. ಸೊಸೆ ಅಡುಗೆಮನೆಗೆ ಕಾಲಿಡಲು ಹಿಂಜರಿದದ್ದನ್ನು ಪ್ರೋಮೋ ಮಾಡಲಾಗುವುದಿಲ್ಲ, ಅಪಘಾತವನ್ನು ಮಾಡಬಹುದು. ಹಾಗೆ ಆರು ತಿಂಗಳಿಗೆಂದು ಇಟ್ಟುಕೊಂಡಿದ್ದ ಕಥೆ ಆರು ವಾರದಲ್ಲಿ ಖರ್ಚಾಗುತ್ತದೆ. ಖರ್ಚಾದ ಮೇಲೆ ಕೈ ಖಾಲಿ. ಆಗ ಮುಖಗಳ ಮೇಲೆ ಮೂರು ಸುತ್ತು ಹೊಡೆಸದೆ ವಿಧಿಯಿಲ್ಲ. ಅಂದರೆ ಎಳೆತ ಹುಟ್ಟುವುದೇ ಅವಸರದ ಹೊಟ್ಟೆಯಲ್ಲಿ. ‘ಬೇಗ ಬೇಗ ಕಥೆ ಮುಂದಕ್ಕೆ ಹೋಗಲಿ’ ಎಂದು ನಾವು ಒತ್ತಾಯಿಸಿದಷ್ಟೂ ಅವರು ಇನ್ನೊಂದು ಅಪಘಾತ ಮಾಡಿಸುತ್ತಾರೆ.

ಜನಕ್ಕೆ ತಾಳ್ಮೆಯಿಲ್ಲ ಎಂಬ ವಾಹಿನಿಯವರ ಸಮಜಾಯಿಷಿಯೂ ನಿಲ್ಲುವಂಥದ್ದಲ್ಲ. ಟಿ.ಎನ್. ಸೀತಾರಾಂ ಅವರ ‘ಮುಕ್ತ’ದಲ್ಲಿ, ಆಮೇಲೆ ‘ಮಗಳು ಜಾನಕಿ’ಯಲ್ಲೂ, ಸಿಎಸ್‌ಪಿ ಎಂಬ ವಕೀಲರ ಪಾಟೀಸವಾಲು ದಿನಗಟ್ಟಲೆ ನಡೆಯುತ್ತಿತ್ತು. ಕುರ್ಚಿ, ಕಟಕಟೆ, ಕರೀ ಕೋಟು, ಮಾತು, ಬೇರೇನೂ ಇಲ್ಲ. ಜನ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತರು. ಅಲ್ಲಿ ಸಾಕ್ಷಿಯೊಬ್ಬ ಸೋಮವಾರ ಆಡಿದ ಮಾತು ಗುರುವಾರ ಅವನ ಕುತ್ತಿಗೆಗೇ ಬರುತ್ತಿತ್ತು. ಹಿಂದಿನ ಸಂಚಿಕೆಗೆ ಬೆಲೆಯಿತ್ತು. ಗಿರೀಶ ಕಾಸರವಳ್ಳಿಯವರು ಭೈರಪ್ಪನವರ ‘ಗೃಹಭಂಗ’ವನ್ನು ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದಾಗಲೂ ಹಾಗೇ. ಗಂಡನ ಕೈಯಲ್ಲಿ ಆಗದ ಶಾನುಭೋಗಿಕೆಯ ಲೆಕ್ಕವನ್ನು ಕೂತು ಬರೆಯುವ ನಂಜಮ್ಮನಿಗಿಂತ ನಿಧಾನದ ದೃಶ್ಯ ಯಾವುದಿದೆ? ಮಾಳವಿಕಾ ಅವರ ನಂಜಮ್ಮನನ್ನು ಇಂದಿಗೂ ಜನ ನೆನೆಯುವುದು ಆ ದುಡಿಮೆಯ ನಿಧಾನಕ್ಕೆ. ಪ್ಲೇಗು ಬಂದು ಮಕ್ಕಳು ಹೋದರೆ ಆ ಮನೆಯಲ್ಲಿ ಹೋದದ್ದು ಹೋದಂತೆಯೇ. ಇನ್ನು, ಈ ವಾದದ ನಡುವೆ ಯಾರಾದರೂ ‘ಮಾಲ್ಗುಡಿ ಡೇಸ್’ ತಂದೇ ತರುತ್ತಾರೆ. ಶಂಕರ್ ನಾಗ್ ಆಗುಂಬೆಯಲ್ಲಿ ಮಾಡಿದ್ದು ನನಗೂ ಇಷ್ಟ. ಆದರೆ ಅದರ ಬಹುಪಾಲು ಸಂಚಿಕೆಗಳು ಅಲ್ಲಲ್ಲೇ ಮುಗಿಯುವ ಸಣ್ಣಕಥೆಗಳು. ದಿನನಿತ್ಯದ ಧಾರಾವಾಹಿಯನ್ನು ಅದರ ಪಕ್ಕ ನಿಲ್ಲಿಸಿ ಬೈಯುವುದು ಅನ್ಯಾಯ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂಬ ಹಾಡಿಗೂ ನಾನು ದನಿಗೂಡಿಸಲಾರೆ. ‘ಪುಟ್ಟಕ್ಕನ ಮಕ್ಕಳು’ 2021ರ ಕೊನೆಯಲ್ಲಿ ಶುರುವಾದಾಗ ಮೆಸ್ಸಿನಲ್ಲಿ ದುಡಿದು ಮೂರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾಗಿ ಉಮಾಶ್ರೀ ಒಲೆಯ ಮುಂದೆ ಸುಮ್ಮನೆ ಕೂತರೂ ಸಂಚಿಕೆ ತುಂಬುತ್ತಿತ್ತು. ಗಂಡುಮಗು ಹೆರಲಿಲ್ಲವೆಂದು ಬಿಟ್ಟುಹೋದ ಗಂಡ ಅದೇ ಊರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಮಾಡಿಕೊಂಡಿದ್ದಾನೆ, ದಿನಾ ಕಣ್ಣಿಗೆ ಬೀಳುತ್ತಾನೆ. ಬೇರೆ ವಿಷ, ಬೇರೆ ಅಪಹರಣ ಯಾಕೆ ಬೇಕು? ಎರಡನೇ ಮಗಳು ಸ್ನೇಹಾ ಓದಿ ಜಿಲ್ಲಾಧಿಕಾರಿಯೂ ಆದಳು. 2024ರ ಕೊನೆಗೆ ಅವಳನ್ನು ಅಪಘಾತದಲ್ಲಿ ಸಾಯಿಸಿದರು. ಪಾತ್ರಧಾರಿಗಳು ಬಿಟ್ಟು ಹೋಗುತ್ತಾರೆ, ಅದು ಉದ್ಯಮದ ಕಷ್ಟ, ಒಪ್ಪೋಣ. ಸತ್ತದ್ದಕ್ಕೆ ನನ್ನ ತಕರಾರಿಲ್ಲ. ಆ ಸಂಚಿಕೆ ನೋಡುವಾಗ ನಮ್ಮ ಸೋದರತ್ತೆ ಹುರುಳಿಕಾಯಿ ನಾರು ತೆಗೆಯುತ್ತ ತಲೆಯನ್ನೂ ಎತ್ತಲಿಲ್ಲ. ‘ಏನತ್ತೆ, ಸ್ನೇಹಾ ಹೋದಳಲ್ಲ’ ಎಂದೆ. ‘ಅಯ್ಯೋ ಸುಮ್ನಿರೇ, ಬರ್ತಾಳೆ, ಇನ್ನೊಂದು ರೂಪದಲ್ಲಿ ಬರ್ತಾಳೆ’ ಎಂದರು. ಅವಳ ಹೃದಯ ಇನ್ನೊಬ್ಬ ಹುಡುಗಿಗೆ ಕಸಿಯಾಯಿತು, ಆ ಹುಡುಗಿಯ ಹೆಸರೂ ಸ್ನೇಹಾ. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಮಗಳು ಸತ್ತ ಮನೆಯಲ್ಲಿ ಮರುವಾರ ಮೆಸ್ಸಿನ ಬಾಗಿಲು ತೆರೆಯುವುದು ಹೇಗೆ ಎಂದು ಉಮಾಶ್ರೀಯವರಂಥ ನಟಿ ಒಂದು ತಿಂಗಳು ತೋರಿಸಬಲ್ಲವರಿದ್ದರು. ನೋಡುವವರ ಕಣ್ಣೀರು ಬತ್ತಿಹೋಗಿದ್ದರೆ ಅದಕ್ಕೆ ಸಂಚಿಕೆಗಳ ಸಂಖ್ಯೆ ಕಾರಣವಲ್ಲ. ಸಾವನ್ನೂ ನಾಲ್ಕು ದಿನದಲ್ಲಿ ಚುಕ್ತಾ ಮಾಡಿದರೆ ಯಾರು ಅತ್ತಾರು?

ನಿಧಾನ ಗೆದ್ದ ಕಡೆಯೂ ಇದೆ. ‘ಶ್ರೀರಸ್ತು ಶುಭಮಸ್ತು’ವಿನಲ್ಲಿ ಬೆಳೆದ ಮಕ್ಕಳಿರುವ ತುಳಸಿ ಎರಡನೇ ಮದುವೆಗೆ ಒಪ್ಪುವ ಮೊದಲಿನ ದಿನಗಳು, ‘ಅಮೃತಧಾರೆ’ಯಲ್ಲಿ ವಯಸ್ಸು ಮೀರಿ ಮದುವೆಯಾದ ಗೌತಮ್ ಮತ್ತು ಭೂಮಿಕಾ ಒಂದೇ ಕೋಣೆಯಲ್ಲಿ ಮಾತಿಗೆ ತಡಕಾಡುವ ದಿನಗಳು. ಅವು ತ್ವರಿತವಾಗಿದ್ದರೆ ಸುಳ್ಳಾಗುತ್ತಿದ್ದವು. ‘ಲಕ್ಷ್ಮೀ ನಿವಾಸ’ದ ಜಯಂತ್ ಇನ್ನೂ ಒಳ್ಳೆಯ ಉದಾಹರಣೆ. ಹೆಂಡತಿಯನ್ನು ‘ಚಿನ್ನುಮರಿ’ ಎಂದು ಕರೆಯುವ ಆ ಸಿಹಿಯ ಅಡಿಯಲ್ಲಿ ಕಾವಲು ಇದೆ ಎಂಬುದು ನಮಗೆ ತಿಳಿಯಲು ವಾರಗಳು ಹಿಡಿದವು, ಅವಳಿಗೆ ತಿಳಿಯಲು ಇನ್ನಷ್ಟು. ಪ್ರೀತಿ ಯಾವ ಗೆರೆಯಲ್ಲಿ ಹಿಂಸೆಯಾಗುತ್ತದೆ ಎಂಬುದು ಸಂಸಾರದಲ್ಲೂ ಹಾಗೇ ತಡವಾಗಿ ಗೊತ್ತಾಗುವುದು. ಆಮೇಲೆ ಅವರಿಗೂ ಅವಸರ ಹಿಡಿಯಿತು. ಆ ಹೆಂಡತಿ ಜಾಹ್ನವಿ ಸಮುದ್ರದ ಪಾಲಾದಳು ಎಂದು ನಂಬಿಸಿ ಬದುಕಿಸಿ ತಂದರು. ಮತ್ತೊಂದು ಬೆಟ್ಟ.

‘ಹಾಗಾದರೆ ಎಂಟೇ ಸಂಚಿಕೆಯ ವೆಬ್ ಸರಣಿ ಮಾಡಲಿ, ರಗಳೆಯೇ ಬೇಡ’ ಎನ್ನುವ ಗೆಳೆಯರಿದ್ದಾರೆ. ಮಾಡಲಿ, ನೋಡೋಣ. ಆದರೆ ‘ಲಕ್ಷ್ಮೀ ನಿವಾಸ’ದ ಲಕ್ಷ್ಮಿ ಮತ್ತು ಶ್ರೀನಿವಾಸ್ ಎಂಬ ವಯಸ್ಸಾದ ದಂಪತಿಗೆ ಸ್ವಂತ ಮನೆ ಕಟ್ಟಿಸುವ ಆಸೆ ಇದೆಯಲ್ಲ, ಅದು ಎಂಟು ಸಂಚಿಕೆಯಲ್ಲಿ ಮುಗಿಯುವ ವಿಷಯವಲ್ಲ. ಪಾಯ ತೆಗೆಯುವುದಕ್ಕೆ ಒಂದು ವಾರ, ಮರಳು ಸಿಗದೆ ಒಂದು ವಾರ, ಮಗ ಸೈಟಿನ ಪತ್ರ ಕೇಳಿದ ರಾತ್ರಿಗೆ ಒಂದು ವಾರ ಕೊಟ್ಟರೂ ನಾನು ನೋಡುತ್ತೇನೆ. ಸೋದರತ್ತೆಯೂ ನೋಡುತ್ತಾರೆ, ಮೇಸ್ತ್ರಿಯ ಲೆಕ್ಕದಲ್ಲಿ ತಪ್ಪು ಬೇರೆ ಹಿಡಿಯುತ್ತಾರೆ.