ಹಿತ್ತಾಳೆಯ ಗಂಡಭೇರುಂಡ

ಮೈಸೂರು ಲ್ಯಾನ್ಸರ್ಸ್ ಪಡೆಯ ಹಳೆಯ ಬಿಲ್ಲೆ ಸಿಕ್ಕರೆ ಪಳಗಿದ ಸಂಗ್ರಾಹಕರು ಮೊದಲು ಅದರ ಬೆನ್ನು ನೋಡುತ್ತಾರೆ. ಅಚ್ಚಿನಲ್ಲಿ ಒತ್ತಿದ ತಗಡಾದರೆ ಮುಂದಿನ ಉಬ್ಬು ಹಿಂದೆ ತಗ್ಗಾಗಿರುತ್ತದೆ. ಎರಕದ ನಕಲಿನಲ್ಲಿ ಗರಿಗಳ ಗೆರೆ ಮಂಕು, ಅಲ್ಲಲ್ಲಿ ಸಣ್ಣ ಕುಳಿ.

ಬ್ರಿಟಿಷ್ ಸೇನೆಯ ಲಾಂಛನಗಳಲ್ಲಿ ಕಾಲ ಹೇಳುವುದು ಕಿರೀಟ: ವಿಕ್ಟೋರಿಯಾ ರಾಣಿಯ ಕಾಲದ್ದರ ಕಮಾನು ನಡುವೆ ತಗ್ಗಿದ್ದರೆ, ನಂತರದ ರಾಜರದ್ದು ಗುಮ್ಮಟದಂತೆ ದುಂಡಗೆ. ಮೈಸೂರಿನ ಕುದುರೆಪಡೆ ಚಕ್ರಾಧಿಪತ್ಯಕ್ಕಾಗಿ ಹೋರಾಡಿದರೂ ಧರಿಸಿದ್ದು ತನ್ನ ಸಂಸ್ಥಾನದ ಎರಡು ತಲೆಯ ಹಕ್ಕಿ ಗಂಡಭೇರುಂಡವನ್ನು. ಈ ಬಿಲ್ಲೆಯ ನಿಜವಾದ ಸೊಗಸು ಅಲ್ಲಿದೆ.

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರೊಂದಿಗೆ ಹೈಫಾ ನಗರವನ್ನು ಗೆದ್ದವರು ಇವರೇ. ಮೆಷಿನ್‌ಗನ್ನುಗಳ ಎದುರು ಈಟಿ, ಕತ್ತಿ ಹಿಡಿದು ನುಗ್ಗಿದವರು! ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು.

ಆಗ ಕೋಲಾರ ಜಿಲ್ಲೆಯಲ್ಲಿದ್ದ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೂ ಮೈಸೂರು ಸಂಸ್ಥಾನದ ಊರುಗಳೇ. ಹಾಗಾಗಿ ಈ ಸೀಮೆಯ ಯಾವುದೇ ಮನೆಯ ಟ್ರಂಕಿನಲ್ಲಿ ಇಂಥ ಬಿಲ್ಲೆ ಕಂಡರೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಆ ಕಂದು ಪದರವೂ ಅದರ ಚರಿತ್ರೆಯೇ. ಯಾರದ್ದು, ಯಾವ ಪಡೆಯದ್ದು ಎಂದು ಮನೆಯ ಹಿರಿಯರನ್ನು ಕೇಳಿ, ಚೀಟಿಯಲ್ಲಿ ಬರೆದು ಜೊತೆಗಿಡಿ.